ಹಾಸುಹುಲ್ಲು

‘ಗೆಲ್ಲಲು ಕುದುರೆಗೆ ನಿಷೇಧಿತ ಮದ್ದು’ ಎಂದು ಪತ್ರಿಕೆಯ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರು. ಕೆಳಗೆ ನಮ್ಮ ಯಜಮಾನರ ಫೋಟೊ. ಅವರು ರೇಸ್ ಕುದುರೆಗಳನ್ನು ಪಳಗಿಸುವವರು. ನಾನು ಅವರ ಲಾಯದಲ್ಲಿ ಕುದುರೆ ತಿಕ್ಕಿ, ಮೇವು ಹಾಕುವವನು. ಅಡ್ಡದಾರಿ ಹಿಡಿಯುವ ಮನುಷ್ಯ ಅವರಲ್ಲ ಎಂದು ಎರಡು ದಿನ ಚಹಾದಂಗಡಿಯಲ್ಲಿ ಎಲ್ಲರ ಜೊತೆ ಜಗಳವಾಡಿದೆ. ಪತ್ರಿಕೆಯವರನ್ನು ಬಾಯಿಗೆ ಬಂದಂತೆ ಬೈದೆ.

ಮೂರನೇ ದಿನ ಹೆಂಡತಿ ವರದಿಯನ್ನು ಪೂರ್ತಿ ಓದಿದಳು.

“ಇಲ್ನೋಡಿ, ಕುದುರೆ ಮೂತ್ರದಲ್ಲಿ ಸಿಕ್ಕಿದ ಔಷಧಿ. ಇದು ನಿಮ್ಮ ಮಂಡಿನೋವಿನ ಮಾತ್ರೆ ಅಲ್ವಾ?”

“ನನ್ನ ಮಾತ್ರೆ ನಾನು ನುಂಗ್ತೀನಿ ಕಣೇ, ಕುದುರೆಗ್ಯಾಕೆ ಕೊಡ್ಲಿ?”

ಹೇಳುತ್ತಿದ್ದಂತೆಯೇ ಹೊಳೆಯಿತು. ಕಕ್ಕಸು ಇರುವುದು ಅಂಗಳದ ಆ ತುದಿಯಲ್ಲಿ. ಅಷ್ಟು ದೂರ ಯಾರು ಹೋಗುತ್ತಾರೆಂದು ಲಾಯದೊಳಗೆ, ಹಾಸುಹುಲ್ಲಿನ ಮೇಲೇ ಮೂತ್ರ ಮಾಡುವುದು ನನ್ನ ರೂಢಿ. ಆ ಕುದುರೆಯೋ ಹೊಟ್ಟೆಬಾಕ. ಮೇವು ಮುಗಿದರೆ ಕಾಲಡಿಯ ಹುಲ್ಲನ್ನೂ ಬಿಡುವುದಿಲ್ಲ.

“ಥೂ!” ಎಂದಳು. ಆಮೇಲೆ ಮೆಲ್ಲಗೆ, “ಹೋಗಿ ಹೇಳಿಬಿಡಿ. ಪಾಪ, ಅವರ ಲೈಸೆನ್ಸೇ ಹೋಗುತ್ತಂತೆ.”

ಹೋಗಿ ಹೇಳಿದೆ. ಯಜಮಾನರು ಎಲ್ಲ ಕೇಳಿ, ಲಾಯದ ಬಾಗಿಲು ಎಳೆದುಕೊಂಡರು.

“ಇದನ್ನ ಇನ್ಯಾರಿಗೂ ಹೇಳ್ಬೇಡ. ನಾಳೆ ವರದಿಗಾರ್ತಿ ಬರ್ತಾಳೆ. ಮೇವಲ್ಲಿ ಏನೋ ಸೇರಿತ್ತು ಅಂತೀನಿ. ಮೊಮ್ಮಕ್ಕಳನ್ನ ಕಂಡಿರೋನು ನೀನು, ಊರೆಲ್ಲ ನಿನ್ನ ನೋಡಿ ನಗೋದು ಬೇಡ.”

ನಾಲ್ಕು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ವರದಿಗಾರ್ತಿಗೆ ನನ್ನ ಮಗಳಷ್ಟೇ ವಯಸ್ಸು. “ಸಿಕ್ಕಿಬಿದ್ದೋರೆಲ್ಲ ತಪ್ಪನ್ನ ಮೇವಿನ ಮೇಲೇ ಹಾಕ್ತಾರೆ ಸಾರ್” ಎಂದು ನೋಟ್‌ಬುಕ್ ಮುಚ್ಚಿದಳು. ಯಜಮಾನರು ತಲೆ ತಗ್ಗಿಸಿದರು. ಯಾರ ಮುಂದೆಯೂ ತಗ್ಗಿದ ತಲೆಯಲ್ಲ ಅದು.

“ತಾಯಿ, ಬರ್ಕೊಳ್ಳಿ” ಎಂದೆ. ಕೈಯಲ್ಲಿದ್ದ ಬಕೆಟ್ ಇಳಿಸಿ, ನೆಲ ನೋಡುತ್ತ ಎಲ್ಲ ಹೇಳಿದೆ. ಪಕ್ಕದ ಲಾಯದಲ್ಲಿ ಯಾರೋ ಕಿಸಕ್ಕೆಂದರು. ಯಜಮಾನರು, “ಸಾಕು ಬಿಡೋ” ಎಂದರು. ನಾನು ಬಿಡಲಿಲ್ಲ.

“ಇವರನ್ನ ಉಳಿಸೋಕೆ ಕಟ್ಟಿದ ಕಥೆ ಅಲ್ಲ ತಾನೆ?” ಎಂದಳು.

“ಕಟ್ಟೋದಾಗಿದ್ರೆ ಸ್ವಲ್ಪ ಮರ್ಯಾದೆ ಇರೋ ಕಥೆ ಕಟ್ತಿದ್ದೆ ತಾಯಿ.”

ಅವಳು ನಗಲಿಲ್ಲ. ಮಾತ್ರೆ ಬರೆದುಕೊಟ್ಟ ಡಾಕ್ಟರ ಚೀಟಿ ಜೇಬಿನಿಂದ ತೆಗೆದು ಕೊಟ್ಟೆ, ಅದರ ಫೋಟೊ ತೆಗೆದುಕೊಂಡಳು. ಹೆಸರು ಕೇಳಿದಳು, ಹೇಳಿದೆ. ವಯಸ್ಸು ಕೇಳಿದಳು, ಅದನ್ನೂ ಹೇಳಿದೆ.

“ತಂದೆ ಹೆಸರು?”

“ಅದೊಂದು ಬೇಡ” ಎಂದೆ.