ಹುಲ್ಲಿಗೆ ಹೊಡೆದ ಔಷಧಿ

“ಮುಂಡೇದೇ, ಕಣ್ಣು ಎಲ್ಲಿಟ್ಕೊಂಡು ಕೆಲಸ ಮಾಡ್ತೀಯ? ಏನಿದು? ಬೊಗಳು!”

ಸಾಹೇಬರು ಚಪ್ಪಲಿಯ ತುದಿಯಿಂದ ಹುಲ್ಲಿನ ನಡುವೆ ತೋರಿಸಿದರು. ಬೆರಳುದ್ದದ ಜೇಕಿನ ಕಳೆ ಅಲ್ಲಿ ನೆಟ್ಟಗೆ ನಿಂತಿತ್ತು. ಗುಬ್ಬಿ ಮಂಡಿಯೂರಿ ಕೂತಲ್ಲೇ ಸರಿದು, ಕುರ್ಪಿ ಇಳಿಸಿ ಅದನ್ನು ಎಬ್ಬಿಸಿದಳು. ಇದೇ ಜಾಗದಲ್ಲಿ ನಿನ್ನೆಯೂ ಕಿತ್ತಿದ್ದಳು, ಮೊನ್ನೆಯೂ ಕಿತ್ತಿದ್ದಳು.

“ಕೀಳ್ತಾನೇ ಇದೀನಿ ಸಾಹೇಬ್ರೇ. ಮೇಲೆ ಕಿತ್ರೆ ಕೆಳಗೆ ಗಡ್ಡೆ ಉಳ್ಕೊಳ್ಳುತ್ತೆ. ಒಂದರ ಬಾಲಕ್ಕೆ ಇನ್ನೊಂದು, ಸರ ಪೋಣಿಸಿದ ಹಾಗೆ ಇರ್ತವೆ.”

“ನಂಗೆ ಪಾಠ ಹೇಳ್ತೀಯಾ? ಈ ದರಿದ್ರ ಇಲ್ಲಿಗೆ ಬಂದಿದ್ದೇ ನಿಮ್ಮ ಕಾಲಲ್ಲಿ. ಕೊಳಕು ಕಾಲು ತಂದು ನನ್ನ ಲಾನಿಗೆ ಒರೆಸ್ತೀರ.”

ಜೇಕು ಬಂದದ್ದು ಲಾರಿಯಲ್ಲಿ. ಹೋದ ವರ್ಷ ಸಾಹೇಬರು ಯಾವುದೋ ಕೆರೆ ಬಯಲಿನ ಮಣ್ಣು ಅಗ್ಗಕ್ಕೆ ಸಿಗುತ್ತದೆಂದು ತರಿಸಿ, ಅದರ ಮೇಲೆ ಹುಲ್ಲು ಹಾಸಿಸಿದ್ದರು. ಗುಬ್ಬಿಗೂ ಅವಳ ಗಂಡನಿಗೂ ಅದು ಗೊತ್ತಿತ್ತು. ಆದರೂ ಹುಲ್ಲಿನ ಮೇಲೆ ಕಾಲಿಡುವ ಮುಂಚೆ ನಲ್ಲಿಯಲ್ಲಿ ಕಾಲು ತೊಳೆಯಬೇಕೆಂಬ ಕಟ್ಟಳೆ ಆ ಗಂಡಹೆಂಡಿರಿಗೆ ಮಾತ್ರ ಇತ್ತು.

ಅವಳು ಅಂಗೈಯಗಲದ ಹೆಂಗಸು, ಅದಕ್ಕೇ ಗುಬ್ಬಿ. ಅವನು ಬಾಗಿಲು ಕಂಡರೆ ತಲೆ ತಗ್ಗಿಸಬೇಕಾದಷ್ಟು ಉದ್ದ, ಅದಕ್ಕೇ ಕಂಬ. ಎರಡು ವರ್ಷದಿಂದ ಬಂಗಲೆಯ ಹಿಂದಿನ ಪಂಪು ರೂಮಿನಲ್ಲಿ, ನೀರೆತ್ತುವ ಮೋಟರಿನ ಪಕ್ಕ ಚಾಪೆ ಹಾಸಿಕೊಂಡು ಸಂಸಾರ ಮಾಡಿದ್ದರು. “ನಿನಗಿಂತ ಮೋಟರೇ ವಾಸಿ ಕಣೇ, ಬಟನ್ ಒತ್ತಿದ್ರೆ ಬಾಯಿ ಮುಚ್ಕೊಳ್ಳುತ್ತೆ” ಎಂದು ಅವನು ಕಿಚಾಯಿಸುತ್ತಿದ್ದ. ಅವನು ಕಾಲು ಚಾಚಿದರೆ ಪಾದಗಳು ಹೊಸಿಲಿನಾಚೆ ಇರುತ್ತಿದ್ದವು.

“ಭಾನುವಾರ ತೀರ್ಪುಗಾರರು ಬರ್ತಾರೆ,” ಎಂದರು ಸಾಹೇಬರು. ಬಡಾವಣೆಯಲ್ಲಿ ಯಾರ ಮನೆಯ ತೋಟ ಚೆನ್ನಾಗಿದೆ ಎಂದು ನೋಡಿ ಬಹುಮಾನ ಕೊಡುವ ಸ್ಪರ್ಧೆ ಅದು. ಅಧಿಕಾರದ ಕುರ್ಚಿಯಿಂದ ನಿವೃತ್ತಿಯಾದ ಮೇಲೆ ಅವರಿಗೆ ಉಳಿದಿದ್ದ ಮರ್ಯಾದೆಯೆಲ್ಲ ಆ ಹುಲ್ಲಿನಲ್ಲಿತ್ತು. “ನಿಮ್ಮ ಕುರ್ಪಿ ನೆಚ್ಕೊಂಡ್ರೆ ಆಗಲ್ಲ. ಕರಿ ಅವನನ್ನ. ಔಷಧಿ ಹೊಡೀಲಿ.”

ಅವತ್ತೇ, ಸೋಮವಾರ ಬೆಳಿಗ್ಗೆ, ಕಾರಿನ ಡಿಕ್ಕಿಯಿಂದ ಬಿಳಿ ಕ್ಯಾನೊಂದು ಇಳಿಯಿತು. ಅದರ ಮೇಲಿನ ಚೀಟಿಯನ್ನು ಯಾರೋ ಕೆರೆದು ತೆಗೆದಿದ್ದರು. ಮುಚ್ಚಳ ಬಿಚ್ಚಿದರೆ ನೀಲಿಗೂ ಹಸಿರಿಗೂ ನಡುವಿನ ಬಣ್ಣದ ನೀರು. ಮೂಗು ಮುಚ್ಚಿಸುವಂಥ ನಾತ. ಕಂಬ ಅದನ್ನು ಬೆನ್ನಿಗೆ ಹೊರುವ ಪಂಪಿಗೆ ಸುರಿದು, ನೀರು ಬೆರೆಸಿ, ಪಟ್ಟಿಯೊಳಗೆ ತೋಳು ತೂರಿಸಿ ಎದ್ದು ನಿಂತ. ನಿಂತದ್ದೇ ತಡ, ಬೆನ್ನು ಒದ್ದೆಯಾಯಿತು.

“ಪಂಪು ಸೋರ್ತಿದೆ ಸಾಹೇಬ್ರೇ. ವಾಷರ್ ಹೋಗಿದೆ.”

“ಸೋರಿದ್ರೆ ನಿನ್ನ ಬೆನ್ನೇನು ಬೆಣ್ಣೇನಾ ಕರಗೋಕೆ? ಹೊಡಿಯೋ ಬೇಗ, ಬಿಸಿಲೇರುತ್ತೆ.”

ಮೇಲಿನ ಕಿಟಕಿಯಲ್ಲಿ ಅಮ್ಮಾವ್ರು ಕಾಣಿಸಿಕೊಂಡರು. “ರೀ, ನಾಯೀನ ಒಳಗೆ ಬಿಡಿ. ಅದಕ್ಕೆ ಈ ವಾಸನೆ ಆಗಿಬರಲ್ಲ,” ಎಂದು ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದರು. ಸಾಹೇಬರು ನಾಯಿಯನ್ನು ಎತ್ತಿಕೊಂಡು ಒಳಗೆ ಹೋದರು.

ಕಂಬ ಮಧ್ಯಾಹ್ನದವರೆಗೆ ಔಷಧಿ ಹೊಡೆದ. ಆಮೇಲೆ ಹೂಕುಂಡ ಸಾಗಿಸುವ ಕೆಲಸ ಬಂತು. ಅವನು ನಲ್ಲಿಯ ಕೆಳಗೆ ಕೂತಾಗ ಬಿಸಿಲು ಇಳಿದಿತ್ತು; ಅಂಗಿ ಬೆನ್ನಿಗೆ ಅಂಟಿ ಒಣಗಿ ರಟ್ಟಾಗಿತ್ತು. ಅವನಿಗಿದ್ದದ್ದು ಎರಡೇ ಅಂಗಿ. ಗುಬ್ಬಿ ಆಗಲೇ ಅದನ್ನು ಕಲ್ಲಿಗೆ ಹಾಕಿ ತಿಕ್ಕಿ ಒಗೆದಳು. ಮಾರನೆಯ ದಿನ ಅವಳ ಬೆರಳ ತುದಿಯ ಚರ್ಮ ಸುಲಿಯಿತು.

ಬುಧವಾರ ಕಂಬ ಗೋಡೆ ಕಡೆ ತಿರುಗಿ ಕೂತು, “ಬೆನ್ನು ಉರೀತಿದೆ ಕಣೇ, ಸ್ವಲ್ಪ ಊದು,” ಎಂದ. ಗುಬ್ಬಿ ಅಂಗಿ ಎತ್ತಿದಳು. ಹೆಗಲಿಂದ ಸೊಂಟದವರೆಗೆ ಬೊಬ್ಬೆ ಎದ್ದಿತ್ತು. ಅವಳು ಊದಿದಳು. ಊದುತ್ತ ಊದುತ್ತ ಅವಳಿಗೇ ಉಸಿರು ಕಟ್ಟಿತು. “ಒಲೆ ಊದಿದ ಹಾಗೆ ಊದ್ತೀಯಲ್ಲೇ, ಹತ್ಕೊಂಡುಬಿಡ್ತೀನಿ,” ಎಂದು ಅವನು ನಕ್ಕ. ನಗುವಾಗ ತುಟಿ ಒಡೆದು ರಕ್ತ ಬಂತು. ಬಾಯಿ ತುಂಬ ಹುಣ್ಣು.

ಗುರುವಾರ ಹುಲ್ಲು ಅಲ್ಲಲ್ಲಿ ಕಂದಿತ್ತು. ಹಿಂದಿನ ಗೋಡೆಯ ಹತ್ತಿರ, ಪಂಪು ಇಳಿಸಿ ತುಂಬಿಸಿದ ಜಾಗದಲ್ಲಂತೂ ಹಾಸಿಗೆಯಗಲ ಸುಟ್ಟು ಬೂದುಬಣ್ಣಕ್ಕೆ ತಿರುಗಿತ್ತು. ಅದರ ಅಂಚಿನಲ್ಲಿ ಎರಡು ಮೂರು ಕಡೆ ಜೇಕು ಮಾತ್ರ ಹೊಸದಾಗಿ ಮೂತಿ ತೂರಿಸಿತ್ತು.

ಸಾಹೇಬರು ಕಂಬನನ್ನು ಕರೆಸಿದರು. “ಸೂಳೆಮಗನೇ! ಜೇಕು ಬಿಟ್ಟು ಹುಲ್ಲು ಸುಟ್ಯಲ್ಲೋ! ಬೇಕಂತಲೇ ಮಾಡ್ದೆ ನೀನು.”

“ನೀವು ಹೇಳಿದಷ್ಟೇ ಬೆರೆಸಿದ್ದು ಸಾಹೇ—”

ಸಾಹೇಬರು ಬಗ್ಗಿ ಸುಟ್ಟ ಹುಲ್ಲನ್ನು ಹಿಡಿ ತುಂಬ ಕಿತ್ತರು. “ತಿನ್ನು! ತಿನ್ನೋ, ಗೊತ್ತಾಗುತ್ತೆ!” ಎಂದು ಅವನ ಬಾಯಿಗೆ ಒತ್ತಿ ಉಜ್ಜಿದರು. ಕಂಬ ಸಾಹೇಬರಿಗಿಂತ ಒಂದು ಮೊಳ ಎತ್ತರ. ಅವರ ಕೈ ಎಟುಕಲೆಂದು ತಾನೇ ತಲೆ ತಗ್ಗಿಸಿ ನಿಂತಿದ್ದ. ಗೇಟಿನ ಬಳಿ ಕಾವಲಿನವನು ಬೇರೆ ಕಡೆ ನೋಡಿದ. ಗುಬ್ಬಿ ಕುರ್ಪಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂತಲ್ಲೇ ಕೂತಳು. ಎದ್ದಿದ್ದರೆ ಏನಾಗುತ್ತಿತ್ತೋ ಅವಳಿಗೇ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಂಬನಿಗೆ ಹತ್ತು ಹೆಜ್ಜೆ ನಡೆಯಲು ಆಗಲಿಲ್ಲ. ಉಸಿರು ಎಳೆದರೆ ಒಳಗೆ ಹೋಗುತ್ತಿರಲಿಲ್ಲ. ಗಂಟಲಲ್ಲೇ ಗೊರಗುಟ್ಟಿ ನಿಲ್ಲುತ್ತಿತ್ತು. ಕತ್ತರಿಸಿದ ಹುಲ್ಲು ಸಾಗಿಸುವ ಕೈಗಾಡಿಯನ್ನು ಕಾವಲಿನವನೇ ಎಳೆದು ತಂದ. ಇಬ್ಬರೂ ಸೇರಿ ಅವನನ್ನು ಅದರಲ್ಲಿ ಮಡಚಿ ಕೂರಿಸಿದರು. ಬೀದಿಯುದ್ದಕ್ಕೂ ಗುಬ್ಬಿ ಗಾಡಿ ತಳ್ಳಿದಳು. ಅವನ ಕಾಲುಗಳು ಹೊರಗೆ ಜೋತಾಡುತ್ತಿದ್ದವು.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಿದ್ದೆಗೆಟ್ಟ ಕಣ್ಣು. “ಏನು ಕುಡಿದ್ರು?” ಎಂದು ಮೊದಲು ಕೇಳಿದಳು.

“ಕುಡೀಲಿಲ್ಲ ತಾಯಿ. ಹೊಡೆದ್ರು. ಹುಲ್ಲಿಗೆ.”

ಡಾಕ್ಟರು ಬೆನ್ನು ನೋಡಿದಳು. ಆಮೇಲೆ ಗುಬ್ಬಿಯನ್ನು ಪಕ್ಕಕ್ಕೆ ಕರೆದಳು. “ನೋಡಮ್ಮ, ನಿನಗೆ ಬಿಡಿಸಿ ಹೇಳ್ತೀನಿ. ನನಗೊಂದು ಅನುಮಾನ ಇದೆ. ನಾನಂದ್ಕೊಂಡಿರೋ ವಿಷವೇ ಆಗಿದ್ರೆ, ಈಗ ಆಕ್ಸಿಜನ್ ಕೊಟ್ರೆ ಅದೇ ಇವರ ಶ್ವಾಸಕೋಶ ಸುಡುತ್ತೆ. ಬೇರೆಯದಾಗಿದ್ರೆ, ಕೊಡದೇ ಹೋದ್ರೆ ಉಸಿರು ನಿಲ್ಲುತ್ತೆ. ಅದರ ಹೆಸರು ಬೇಕು ನನಗೆ. ಕ್ಯಾನು ತಗೊಂಡು ಬಾ.”

ಗುಬ್ಬಿ ಓಡಿದಳು.

ಬಂಗಲೆಯಲ್ಲಿ ಕೆಲಸ ಜೋರಾಗಿತ್ತು. ನರ್ಸರಿಯ ಆಳುಗಳು ಹೊಸ ಹುಲ್ಲಿನ ಚಾಪೆಗಳನ್ನು ತಂದು ಸುಟ್ಟ ಜಾಗದ ಮೇಲೆ ಹಾಸಿ ತುಳಿಯುತ್ತಿದ್ದರು. ಸಾಹೇಬರು ವರಾಂಡದ ಕುರ್ಚಿಯಲ್ಲಿ ಕೂತಿದ್ದರು.

“ಕ್ಯಾನಾ? ಯಾವ ಕ್ಯಾನು?”

“ಬಿಳೀದು ಸಾಹೇಬ್ರೇ. ನೀವೇ ಕಾರಲ್ಲಿ ತಂದಿದ್ದು.”

“ನಾನು ಯಾವ ಕ್ಯಾನೂ ತಂದಿಲ್ಲ.”

ಗುಬ್ಬಿ ಅವರ ಕಾಲ ಬಳಿ ಕುಸಿದಳು. “ಕ್ಯಾನು ಬೇಡ, ಹೆಸರು ಹೇಳಿ ಸಾಕು. ಒಂದು ಹೆಸರು. ನಿಮ್ಮ ಕಾಲು ಹಿಡೀತೀನಿ. ನಿಮ್ಮ ಸುದ್ದೀನೇ ಎತ್ತಲ್ಲ. ಉಸಿರು ಬರ್ತಿಲ್ಲ ಅವರಿಗೆ.”

ಸಾಹೇಬರು ಕಾಲು ಹಿಂದೆಳೆದುಕೊಂಡರು. ಆ ಔಷಧಿಯನ್ನು ಯಾರೂ ಮಾರಬಾರದು, ಕೊಳ್ಳಬಾರದು ಎಂದು ಸರ್ಕಾರವೇ ನಿಲ್ಲಿಸಿ ವರ್ಷಗಳಾಗಿದ್ದವು. ಅದು ಸಾಹೇಬರಿಗೆ ಗೊತ್ತಿತ್ತು, ಗುಬ್ಬಿಗೆ ಗೊತ್ತಿರಲಿಲ್ಲ. ಅವರು ಒಳಗೆ ಹೋಗಿ ಬರೆದಿಟ್ಟಿದ್ದ ಹಾಳೆಯೊಂದನ್ನು ತಂದರು.

“ಇಲ್ಲಿ ಹೆಬ್ಬೆಟ್ಟು ಒತ್ತು. ಮನೇಲಿ ಜಗಳ ಆಯ್ತು, ಬೇಜಾರಲ್ಲಿ ಅವನೇ ಏನೋ ತಂದು ಕುಡಿದ ಅಂತ ಇದೆ. ಒತ್ತಿದ್ರೆ ದೊಡ್ಡ ಆಸ್ಪತ್ರೆಗೆ ನಾನೇ ಸೇರಿಸ್ತೀನಿ, ಖರ್ಚೆಲ್ಲ ನಂದು. ನಿಂಗೂ ರೂಮು ಇರುತ್ತೆ, ಕೆಲಸ ಇರುತ್ತೆ.”

“ಒತ್ತೇ, ಒಳ್ಳೇದಕ್ಕೇ ಹೇಳ್ತಿದಾರೆ,” ಎಂದರು ಒಳಗಿಂದ ಅಮ್ಮಾವ್ರು. “ನಾವೇನು ಹೊರಗಿನವರಾ ನಿಂಗೆ?”

“ಹೆಸರು ಹೇಳ್ತೀರಾ, ಒತ್ತಿದ್ರೆ?”

“ಹೆಸರು ನಂಗೆ ಗೊತ್ತಿಲ್ಲ ಅಂದ್ನಲ್ಲೇ!”

ಅವತ್ತಿನಿಂದ ಗುಬ್ಬಿಯ ಪಾಲಿಗೆ ಸಾಹೇಬರೆಂಬ ‘ಅವರು’ ಬರೀ ‘ಅವನು’ ಆದ. ಆದರೂ ಅವಳು ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹರಿದು ಬಿಸಾಕುವ ಧೈರ್ಯ ಬರಲಿಲ್ಲ. ದೊಡ್ಡ ಆಸ್ಪತ್ರೆ ಎಂಬ ಮಾತು ಅವಳನ್ನು ಹಿಡಿದು ಜಗ್ಗುತ್ತಿತ್ತು.

ಶನಿವಾರವಿಡೀ ಅವಳು ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಹೆಸರು ಸಿಗದೆ ಡಾಕ್ಟರು ಇನ್ನೂ ಆಕ್ಸಿಜನ್ ಹಚ್ಚಿಸಿರಲಿಲ್ಲ. ಕಂಬನ ಕಾಲು ಆ ಮಂಚಕ್ಕೂ ಸಾಲದೆ ಕಂಬಿಯಾಚೆ ಬಂದಿತ್ತು. ಅವಳು ಹಾಳೆಯ ವಿಷಯ ಹೇಳಿದಾಗ ಅವನು ಬಹಳ ಹೊತ್ತು ಉಸಿರು ಕೂಡಿಸಿಕೊಂಡ.

“ಒತ್ತಿಬಿಡೇ. ನೀನಾದ್ರೂ... ರೂಮಲ್ಲಿರು.”

“ಜಗಳ ಆಯ್ತು, ಕುಡಿದ ಅಂತ ಬರ್ಸಿದಾನೆ. ಯಾವತ್ತು ಜಗಳ ಆಡಿದ್ವಿ ನಾವು? ನನ್ನ ಕಾಟಕ್ಕೆ ನೀನು ವಿಷ ಕುಡಿದೆ ಅಂತ ನಾನೇ ಹೆಬ್ಬೆಟ್ಟು ಒತ್ಬೇಕಾ?”

“ಹೋದ ತಿಂಗಳು... ಆಡಿದ್ವಲ್ಲ. ಸೊಳ್ಳೆ ಪರದೆಗೆ.” ಅವನು ನಗಲು ಹೋದ. ಕೆಮ್ಮು ಬಂತು. ಕೆಮ್ಮಿನ ಕೊನೆಗೆ ಅವನ ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು, ನರ್ಸು ಓಡಿಬಂದಳು.

ಭಾನುವಾರ ಬೆಳಿಗ್ಗೆ ಡಾಕ್ಟರು ಬಂದು ಅವನ ನಾಡಿ ಹಿಡಿದು ನಿಂತಳು. “ಅವತ್ತು ಹಾಕಿದ್ದ ಅಂಗಿ?”

“ಒಗೆದುಬಿಟ್ಟೆ ತಾಯಿ. ನಾನೇ, ಈ ಕೈಯಲ್ಲೇ.”

“ಪಂಪು?”

“ಸಾಗಹಾಕಿದಾರೆ.”

“ಮತ್ತೆ ಯಾವುದರ ಮೇಲೂ ಬಿದ್ದಿಲ್ವಾ ಅದು? ಒಂದು ತೊಟ್ಟು ಸಿಕ್ಕಿದ್ರೂ ಪರೀಕ್ಷೆಗೆ ಕಳಿಸ್ತಿದ್ದೆ.”

ಗುಬ್ಬಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಹೊರಟಳು.

ಬಂಗಲೆಯ ಗೇಟಿನ ಮುಂದೆ ಮೂರು ಕಾರು ನಿಂತಿದ್ದವು. ಕಾವಲಿನವನು ಅಡ್ಡ ಬಂದ. “ಒಳಗೆ ಬಿಡಬೇಡ ಅಂದಿದಾರೆ ಕಣಕ್ಕ. ನನ್ನ ಕೆಲಸ ಹೋಗುತ್ತೆ.”

“ಅವರ ಉಸಿರು ಹೋಗ್ತಿದೆಯಪ್ಪ.”

ಅವನು, “ನಾನು ಮೂತ್ರಕ್ಕೆ ಹೋಗಿದ್ದೆ,” ಎಂದು ತನಗೆ ತಾನೇ ಹೇಳಿಕೊಂಡು ಕಾಂಪೌಂಡಿನ ಮೂಲೆಗೆ ನಡೆದ.

ಹುಲ್ಲಿನ ಮೇಲೆ ಬೆತ್ತದ ಕುರ್ಚಿ ಹಾಕಿದ್ದರು. ಇಬ್ಬರು ಗಂಡಸರು, ಒಬ್ಬ ಹೆಂಗಸು ಕಾಫಿ ಕುಡಿಯುತ್ತ ಹೂವುಗಳ ಹೆಸರು ಬರೆದುಕೊಳ್ಳುತ್ತಿದ್ದರು. ಸಾಹೇಬ ನಗುನಗುತ್ತ, “ಒಂದು ಜೇಕು ತೋರಿಸಿ ನೋಡೋಣ!” ಎನ್ನುತ್ತಿದ್ದ.

ಗುಬ್ಬಿ ಕಾಲು ತೊಳೆಯಲಿಲ್ಲ. ಬೀದಿಯ ಧೂಳಿನ ಕಾಲಲ್ಲೇ ಅವರ ನಡುವೆ ಹಾದು ಹಿಂದಿನ ಗೋಡೆಯ ಹತ್ತಿರ ಹೋದಳು. ಸಾಲಾಗಿ ಜೋಡಿಸಿದ್ದ ಹೂಕುಂಡಗಳನ್ನು ಕಾಲಿಂದ ತಳ್ಳಿದಳು. ಎರಡು ಉರುಳಿ ಒಡೆದವು.

“ಏನಮ್ಮಾ ಇದು? ಈಗ ಬೇಡಮ್ಮ, ಆಮೇಲೆ ಬನ್ನಿ,” ಎಂದ ಸಾಹೇಬ. ಅವನ ಬಾಯಲ್ಲಿ ಅವಳು ಎರಡು ವರ್ಷದಲ್ಲಿ ಮೊದಲ ಸಲ ಅಮ್ಮನಾಗಿದ್ದಳು.

ಅವಳು ಮಂಡಿಯೂರಿ, ಹೊಸ ಹುಲ್ಲಿನ ಚಾಪೆಯ ಅಂಚಿಗೆ ಉಗುರು ಹಾಕಿ ಎತ್ತಿದಳು. ಇನ್ನೂ ಬೇರು ಹಿಡಿದಿರಲಿಲ್ಲ. ಕಂಬಳಿಯ ಹಾಗೆ ಸುರುಳಿ ಸುತ್ತಿಕೊಂಡು ಬಂತು. ಕೆಳಗೆ ಸುಟ್ಟ ಹುಲ್ಲು, ಅಂಟಂಟು ಮಣ್ಣು. ಅದೇ ನಾತ ಎದ್ದಿತು. ಬರೆದುಕೊಳ್ಳುತ್ತಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದು, “ಏನು ಹಾಕಿದೀರಿ ಇಲ್ಲಿಗೆ?” ಎಂದಳು.

“ಅವನನ್ನೇ ಕೇಳಿ. ನಾನು ಕೇಳಿದ್ರೆ ಹೇಳಲ್ಲ ಅವನು,” ಎಂದಳು ಗುಬ್ಬಿ. ಗೋಡೆಗೆ ಒರಗಿಸಿದ್ದ ಕುರ್ಪಿ ತೆಗೆದು ಮಣ್ಣನ್ನು ಹೆಂಟೆಹೆಂಟೆಯಾಗಿ ಎಬ್ಬಿಸಿ ಸೆರಗಿಗೆ ತುಂಬಿಕೊಂಡಳು.

ಸಾಹೇಬ ಧಾವಿಸಿ ಬಂದು ಅವಳ ರಟ್ಟೆ ಹಿಡಿದ. ಮುಖ ನಗುತ್ತಲೇ ಇತ್ತು. ಹಲ್ಲಿನ ಸಂದಿಯಿಂದ ಮಾತು ಹೊರಬಂತು. “ಕೆಳಗೆ ಹಾಕೇ ಬೋಳಿ. ಜೈಲಿಗೆ ಹಾಕಿಸ್ತೀನಿ, ಕಳ್ಳಿ ಅಂತ.”

“ಹಾಕ್ಸೋ. ಏನು ಕದ್ಲು ಅಂತ ಬರೆಸ್ತೀಯ? ಮಣ್ಣು ಅಂತ ಬರೆಸು. ಯಾವ ಮಣ್ಣು ಅಂತ ಕೇಳ್ತಾರೆ, ಅದನ್ನೂ ಹೇಳು.” ಅವಳು ಗಟ್ಟಿಯಾಗಿ ಹೇಳಿದಳು. “ಬಿಡು ಕೈ, ಥೂ! ನನ್ನ ಗಂಡನ ಬಾಯಿಗೆ ತುರುಕಿದ ಕೈ ಅದು.”

ಕುರ್ಚಿಯಲ್ಲಿದ್ದವರು ಎದ್ದು ನಿಂತರು. ಒಬ್ಬ ತನ್ನ ಬೂಟಿನ ಅಡಿ ಎತ್ತಿ ನೋಡಿಕೊಂಡ. ಸಾಹೇಬನ ಕೈ ಸಡಿಲವಾಯಿತು.

ಸೆರಗಿನ ಗಂಟು ಹೊಟ್ಟೆಗೆ ಒತ್ತಿಕೊಂಡು ಅವಳು ಬೀದಿಗಿಳಿದಳು. ಅರ್ಧ ದಾರಿಗೆ ಬರುವಾಗ ಹೊಟ್ಟೆಯ ಚರ್ಮ ಚುರುಗುಟ್ಟತೊಡಗಿತು. ಅವಳು ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದಳು. ಆಸ್ಪತ್ರೆಯ ಬಾಗಿಲಲ್ಲಿ ಆಯಾ, “ಏ, ಈಗಷ್ಟೇ ಒರೆಸಿದೀನಿ, ಮಣ್ಣು ತರಬೇಡ!” ಎಂದು ಕೂಗಿದಳು. ಗುಬ್ಬಿ ನಿಲ್ಲಲಿಲ್ಲ. ಸೊಂಟದ ಹಾಳೆಯನ್ನು ಎಳೆದು ಡಾಕ್ಟರ ಮೇಜಿನ ಮೇಲೆ ಹರಡಿದಳು. ಅದರ ಮೇಲೆ ಸೆರಗು ಬಿಚ್ಚಿದಳು. ನೀಲಿಗಟ್ಟಿದ ಮಣ್ಣು ದಬದಬನೆ ಬಿತ್ತು.

ಡಾಕ್ಟರು ಕೈಗವಸು ಹಾಕಿಕೊಂಡು ಒಂದು ಹೆಂಟೆ ಎತ್ತಿ ಮೂಸಿದಳು. “ನಾನಂದ್ಕೊಂಡಿದ್ದೇ ಇದು,” ಎಂದಳು. ಬಾಗಿಲ ಕಡೆ ತಿರುಗಿ, “ಆಕ್ಸಿಜನ್ ಹಚ್ಚಬೇಡಿ, ನಾನು ಹೇಳೋವರೆಗೂ ಹಚ್ಚಬೇಡಿ!” ಎಂದು ಕೂಗಿದಳು. ಆಮೇಲೆ ಗಾಜಿನ ಸೀಸೆಗೆ ಮಣ್ಣು ತುಂಬುತ್ತ ಕೇಳಿದಳು, “ಎಷ್ಟು ದಿನ ಆಯ್ತಮ್ಮ ಇದು?”

“ಏಳನೇ ದಿನ.”

ಡಾಕ್ಟರು ಸೀಸೆಯ ಮುಚ್ಚಳ ತಿರುಗಿಸುತ್ತಲೇ ಇದ್ದಳು. ಅದು ಆಗಲೇ ಬಿಗಿಯಾಗಿತ್ತು.

“ಉಳೀತಾರಾ?”

ಗೋಡೆಯಾಚೆ ಕಂಬನ ಉಸಿರು ಕೇಳಿಸುತ್ತಿತ್ತು, ಗರಗಸ ಎಳೆದ ಹಾಗೆ.

ಗುಬ್ಬಿ ಮೇಜಿನ ಎದುರಿನ ಕುರ್ಚಿ ಎಳೆದು ಕೂತಳು. ಮಣ್ಣಿನ ಕೈ ಒರೆಸಿಕೊಳ್ಳಲಿಲ್ಲ. “ಸರಿ, ಪೆನ್ನು ತಗೋ ತಾಯಿ,” ಎಂದಳು. “ಯಾರ ಮನೆ, ಎಷ್ಟನೇ ನಂಬರು, ಯಾವತ್ತು ಎಷ್ಟು ಗಂಟೆಗೆ ಕೊಟ್ಟ, ಏನಂತ ಬೈದು ಕೊಟ್ಟ. ಒಂದೂ ಬಿಡದೆ ಹೇಳ್ತೀನಿ. ಬರ್ಕೋ.”