ಫಕೀರವ್ವನ ಕಲ್ಲು, ಗೂಳಪ್ಪನ ಬ್ರೇಕು

ಬೇರೆಯವರ ಟ್ರ್ಯಾಕ್ಟರ್ ಬಂದರೆ ಇಂಜಿನ್ನಿನ ಸದ್ದು ಕೇಳಿ ಗೊತ್ತಾಗುತ್ತದೆ. ನಮ್ಮ ಮೊರಬದ ಗೂಳಪ್ಪನ ಟ್ರ್ಯಾಕ್ಟರ್ ಬಂದರೆ ಅವನ ಬಾಯಿ ಕೇಳಿ ಗೊತ್ತಾಗುತ್ತಿತ್ತು.

"ಸರೀರಿ, ಸರೀರಿ! ಯವ್ವಾ, ಆ ಕೊಡಾ ಬಾಜೂಕ ಇಡಬೇ! ಲೇ ಮುದಕಪ್ಪಾ, ಎಮ್ಮಿ ಹಿಡ್ಕೊಳ್ಳೋ!"

ಓಣಿಯ ತುದಿಯಲ್ಲಿ ಶುರುವಾದ ಕೂಗು ಮನೆ ಮುಟ್ಟುವವರೆಗೆ ನಿಲ್ಲುತ್ತಿರಲಿಲ್ಲ. ಟ್ರ್ಯಾಕ್ಟರೂ ನಿಲ್ಲುತ್ತಿರಲಿಲ್ಲ. ಆಗ ಮಡ್‌ಗಾರ್ಡಿನ ಮೇಲೆ ಕೂತ ಅವನ ಹೆಂಡತಿ ಫಕೀರವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲ ಬಳಿ ಇಟ್ಟುಕೊಂಡ ಕರಿಕಲ್ಲು ಎತ್ತಿಕೊಂಡು ಕೆಳಗೆ ಹಾರಿ, ಓಡಿ ಹೋಗಿ ದೊಡ್ಡ ಗಾಲಿಯ ಮುಂದೆ ಇಡುತ್ತಿದ್ದಳು. ಟ್ರ್ಯಾಕ್ಟರ್ ಆ ಕಲ್ಲಿಗೆ ಒಮ್ಮೆ ಗುದ್ದಿ, ಒಲ್ಲದ ಮನಸ್ಸಿನಿಂದ ನಿಲ್ಲುತ್ತಿತ್ತು. ಎರಡು ತಿಂಗಳು ಹೀಗೇ ನಡೆಯಿತು. ಗಂಡ ಹೆಂಡತಿ ಇಬ್ಬರಿಗೂ ಅದು ರೂಢಿಯಾಗಿ ಹೋಗಿತ್ತು.

ನಾನು ಮಲ್ಲಕ್ಕ, ಅವರ ಪಕ್ಕದ ಮನೆಯವಳು. ಆ ಟ್ರ್ಯಾಕ್ಟರ್ ಎರಡು ಸಲ ನನ್ನ ಕಟ್ಟೆಗೆ ಗುದ್ದಿದೆ. ಹಾಗಾಗಿ ಈ ಕಥೆ ಹೇಳುವ ಹಕ್ಕು ನನಗಿದೆ.

"ಗೂಳಪ್ಪಾ, ನಿನ್ನ ಬ್ರೇಕ್ ಕಾಲಾಗ ಐತೋ, ಬಾಯಾಗ ಐತೋ?" ಎಂದು ನಾನು ಕೇಳಿದರೆ, ಅವನು ನಕ್ಕು ನಟ್ಟು ಬಿಗಿಯುವ ಪಾನಾ ಹಿಡಿದು ಕೂಡುತ್ತಿದ್ದ. "ಒಂದೀಟು ನಟ್ಟು ಟೈಟ್ ಮಾಡಿದ್ರ ಮುಗೀತು ಮಲ್ಲಕ್ಕ. ಇನ್ನೂ ಅಗದಿ ಜೀವ ಐತಿ ಇದರಾಗ." ಅವನ ಸ್ವಭಾವವೇ ಹಾಗೆ. ಧೋತರ ಹರಿದರೆ ಟವೆಲ್ಲು, ಟವೆಲ್ಲು ಹರಿದರೆ ಎಮ್ಮೆ ಒರೆಸುವ ಅರಿವೆ. ಯಾವುದನ್ನೂ ಎಸೆಯುವ ಮನುಷ್ಯನಲ್ಲ. ಬ್ರೇಕಿನ ನಟ್ಟು ಮಾತ್ರ ಎಂಟು ದಿನಕ್ಕೊಮ್ಮೆ ಟೈಟಾಗುತ್ತಿತ್ತು, ಮತ್ತೆ ಎಂಟು ದಿನಕ್ಕೆ ಪೆಡಲ್ಲು ನೆಲ ಮುಟ್ಟುತ್ತಿತ್ತು.

ಅವರಿಗೆ ಒಬ್ಬಳೇ ಮಗಳು, ದುರಗವ್ವ. ಅಣ್ಣಿಗೇರಿಗೆ ಕೊಟ್ಟಿದ್ದರು. ಮದುವೆಯಾಗಿ ಹೊರಟ ದಿನ ಆಕೆ ಅಪ್ಪನ ಕೊರಳಿಗೆ ಬಿದ್ದು ಅತ್ತಾಗ ಗೂಳಪ್ಪ, "ಅಳಬ್ಯಾಡಬೇ ನನ್ನವ್ವ, ನಿನ್ನ ಕುಬಸಕ್ಕ ನಾನ ಟ್ರ್ಯಾಕ್ಟರ್ ತಗೊಂಡ್ ಬರ್ತೀನಿ, ಅದರಾಗ ಕುಂಡ್ರಿಸಿಕೊಂಡು ಬರ್ತೀನಿ" ಎಂದಿದ್ದ. ಈಗ ದುರಗವ್ವ ಏಳು ತಿಂಗಳ ಬಸುರಿ. ಸೀಮಂತದ ಕುಬಸಕ್ಕೆ ದಿನ ಗೊತ್ತಾಗಿತ್ತು. ಗೂಳಪ್ಪ ಟ್ರೇಲರಿಗೆ ಕಟ್ಟಲು ಬಣ್ಣದ ಕಾಗದ ಸಹ ತಂದಿಟ್ಟಿದ್ದ.

ಅಷ್ಟರಲ್ಲಿ ಒಂದು ಸೋಮವಾರ ಆಗಬಾರದ್ದು ಆಯಿತು. ಮೆಣಸಿನಕಾಯಿ ಚೀಲ ಹೇರಿಕೊಂಡು ಹೊಲದಿಂದ ಬರುವಾಗ ಊರ ಹತ್ತಿರದ ಹಳ್ಳದ ಇಳಿಜಾರಿನಲ್ಲಿ ಗೂಳಪ್ಪ ಬ್ರೇಕು ಒತ್ತಿದ. ಟ್ರ್ಯಾಕ್ಟರ್ ನಿಲ್ಲುವ ಬದಲು ಗಕ್ಕನೆ ಬಲಕ್ಕೆ ತಿರುಗಿತು. ಫಕೀರವ್ವ ಕಲ್ಲು ಹಿಡಿದೇ ಹಾರಿದಳು, ಮೊಣಕಾಲು ತರಚಿತು. ಟ್ರೇಲರ್ ವಾಲಿ ಎಂಟು ಚೀಲ ಹಳ್ಳದ ನೀರಿಗೆ ಬಿದ್ದವು. ಮುಂದಿನ ಗಾಲಿ ದಂಡೆಯ ಅಂಚಿನಲ್ಲಿ ನಿಂತಿತ್ತು.

ಫಕೀರವ್ವ ಎದ್ದು ಸೀರೆ ಕೊಡವಿಕೊಂಡಳು. ಮೊಣಕಾಲು ನೋಡಿಕೊಳ್ಳಲಿಲ್ಲ, ನೀರಿನಲ್ಲಿ ತೇಲುವ ಮೆಣಸಿನಕಾಯಿಯನ್ನೂ ನೋಡಲಿಲ್ಲ. ಗಂಡನ ಮುಖ ನೋಡಿ ಒಂದೇ ಮಾತು ಹೇಳಿದಳು.

"ನಮ್ಮ ದುರಗಿ ಈ ಗಾಡಿ ಹತ್ತಂಗಿಲ್ಲ."

ಎರಡು ದಿನ ಗೂಳಪ್ಪ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಫಕೀರವ್ವನೇ, "ಏಳ್ರಿ, ಇಸ್ಮಾಯಿಲ ಕಾಕಾನ ಕಡೆ ಹೋಗೂಣು" ಎಂದು ಎಬ್ಬಿಸಿದಳು. ಜೊತೆಗೆ ನಾನೂ ಹೊರಟೆ. ನನ್ನ ಕಟ್ಟೆಯ ಪ್ರಶ್ನೆಯೂ ಇತ್ತಲ್ಲ!

ಇಸ್ಮಾಯಿಲಸಾಬರದು ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡು. ಅವರ ತಂದೆ ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದರು. ಇವರು ಟ್ರ್ಯಾಕ್ಟರ್ ಫಿಟ್ಟರ್. ಗೂಳಪ್ಪ ಹೇಳಿದ್ದನ್ನೆಲ್ಲ ಕೇಳಿ, ಒಲೆಯ ಬೂದಿ ತಂದು ಬಯಲಿನಲ್ಲಿ ಒಂದು ಗೆರೆ ಎಳೆದರು.

"ಟ್ರೇಲರ್ ಬಿಚ್ಚು. ಸಾವಕಾಶ ಬಾ. ಗೆರಿ ಮುಟ್ಟಿದ ಕೂಡಲೆ ಬ್ರೇಕ್ ಹಾಕು."

ಗೂಳಪ್ಪ ಹಾಕಿದ. ಟ್ರ್ಯಾಕ್ಟರ್ ಕರ್ರೆಂದು ಕಿರುಚಿ, ಗೆರೆ ದಾಟಿ ಎಂಟು ಮೊಳ ಮುಂದೆ ಹೋಗಿ, ಸೊಟ್ಟಗೆ ನಿಂತಿತು.

"ಗೆರಿ ಹಿಂದ ಉಳೀತಲ್ಲೋ ಗೂಳ್ಯಾ. ಅಲ್ಲಿ ನಿನ್ನ ಎಮ್ಮಿ ಇದ್ದಿದ್ರ?"

"ನೆಲ ಜಾರ್ತೈತಿ ಕಾಕಾ" ಎಂದ ಗೂಳಪ್ಪ. ಮಳೆ ಹೋಗಿ ಮೂರು ತಿಂಗಳಾಗಿತ್ತು. ನಾನು ನಗು ತಡೆದುಕೊಂಡೆ.

ಇಸ್ಮಾಯಿಲಸಾಬರು ಗಾಲಿಗಳಿಗೆ ಕಟ್ಟಿಗೆಯ ತುಂಡು ಕೊಟ್ಟು ಜಾಕು ಏರಿಸಿದರು. ಜಾಕನ್ನಷ್ಟೇ ನಂಬದೆ ಕೆಳಗೆ ದಪ್ಪ ದಿಮ್ಮಿಗಳನ್ನು ಇಟ್ಟ ಮೇಲೆಯೇ ಬಿಚ್ಚಲು ಶುರು ಮಾಡಿದರು. ಒಳಗಿನ ಧೂಳನ್ನು ಊದಲು ಗೂಳಪ್ಪ ಬಾಯಿ ಹಾಕಿದಾಗ ಅವನ ಬೆನ್ನಿಗೊಂದು ಏಟು ಬಿತ್ತು.

"ಊದಬ್ಯಾಡಲೇ! ಆ ಧೂಳು ಎದೀಗೆ ಛಲೋ ಅಲ್ಲ. ಹಸಿ ಅರಿವಿಲೆ ಒರಸು."

ಬಲಗಡೆಯ ಡಿಸ್ಕು ಹೊರಗೆ ಬಂತು. ಇಸ್ಮಾಯಿಲಸಾಬರು ಅದನ್ನು ಫಕೀರವ್ವನ ಕೈಗೇ ಕೊಟ್ಟರು.

"ನೋಡು ತಂಗಿ. ಡಿಸ್ಕ್ ಅಂದ್ರ ಇದು, ರೊಟ್ಟಿ ಇದ್ದಂಗ ದುಂಡಗ. ಎರಡೂ ಮೈಗೆ ಲೈನಿಂಗ್ ಹಚ್ಚಿರ್ತಾರ. ಪೆಡಲ್ ಒತ್ತಿದ್ರ ಈ ಲೈನಿಂಗ ತಿಕ್ಕಿ ಗಾಲಿ ನಿಂದರಸ್ತೈತಿ. ತಿಕ್ಕಿ ತಿಕ್ಕಿ ಸವಿತೈತಿ. ಸವಿಯೂದು ತಪ್ಪಲ್ಲ, ಅದರ ಕೆಲಸನ ಅದು. ಸವದ ಮ್ಯಾಲೂ ಓಡಸೂದು ತಪ್ಪು."

ಫಕೀರವ್ವ ಬೆರಳಿಟ್ಟು ನೋಡಿದಳು. "ಇಲ್ಲಿ ಮೊಳಿ ಹತ್ತತಾವಲ್ಲ ಕೈಗೆ?"

"ಅವು ರಿವೆಟ್ಟು. ಲೈನಿಂಗ್ ಸವದು ರಿವೆಟ್ಟಿನ ಸಮಕ್ಕ ಬರೂದಕ್ಕಿಂತ ಮೊದಲ ಡಿಸ್ಕ್ ಬದಲಸಬೇಕು. ಇಲ್ಲಿ ಕಬ್ಬಿಣಕ್ಕ ಕಬ್ಬಿಣ ತಿಕ್ಕಾಕತ್ತೈತಿ, ಅದಕ್ಕ ಆ ಕಿರಚಾಟ. ನಟ್ಟು ಟೈಟ್ ಮಾಡಿದ ಎಂಟು ದಿನಕ್ಕ ಪೆಡಲ್ ಕೆಳಗ ಹೋತಂದ್ರ, ಒಂದ ಕಡೆ ಎಳೀತಂದ್ರ, ಡಿಸ್ಕ್ ಸುಟ್ಟು ನೀಲಿ ಬಂತಂದ್ರ, ಬಿಚ್ಚಿ ನೋಡಬೇಕಪ್ಪ. ಗಾಡಿ ಹೇಳಾಕತ್ತೈತಿ, ನಾವು ಕೇಳಬೇಕು."

"ಇನ್ನೂ ಒಂದು ಸುಗ್ಗಿ ಜೀವ ಐತಿ ಕಾಕಾ ಅದರಾಗ" ಎಂದು ಗೂಳಪ್ಪ ಮೆಲ್ಲಗೆ ಗೊಣಗಿದ.

"ಅದರಾಗ ಏನೂ ಇಲ್ಲ. ಅದರ ಮ್ಯಾಲ ಕುಂತವರ ಜೀವ ಐತಿ."

ಎಡಗಡೆಯದು ಬಿಚ್ಚಿದಾಗ ಲೈನಿಂಗು ದಪ್ಪಗಿತ್ತು, ಆದರೆ ಎಣ್ಣೆಯಲ್ಲಿ ನೆನೆದು ಕರ್ರಗಾಗಿತ್ತು. ಗೂಳಪ್ಪನ ಮುಖ ಅರಳಿತು. "ನೋಡ್ರಿ! ಇದು ಛಲೋ ಐತಿ. ಬಲಗಡೇಕಷ್ಟ ಹೊಸಾದು ಹಾಕು ಕಾಕಾ. ಇದನ್ನ ಸೀಮೆಎಣ್ಣಿಲೆ ತೊಳದು ಬಿಸಲಿಗೆ ಇಡ್ತೀನಿ."

"ತೊಳದ್ರ ಮ್ಯಾಲಿನ ಎಣ್ಣಿ ಹೋಗ್ತೈತಿ, ಒಳಗ ಕುಡದದ್ದು ಹೋಗಂಗಿಲ್ಲ. ಇಳಿಜಾರಿನ್ಯಾಗ ಕಾದ ಕೂಡಲೆ ಮತ್ತ ಹೊರಗ ಬರ್ತೈತಿ. ಇದೂ ಹೋದಂಗ. ಎಣ್ಣಿ ಸೋರೂ ಸೀಲು ಮೊದಲ ಬದಲಸಬೇಕು. ಇಲ್ಲಂದ್ರ ಹೊಸಾ ಡಿಸ್ಕೂ ಹಿಂಗ ನೆನಿತೈತಿ. ಮತ್ತ ಎರಡೂ ಕಡೆ ಕೂಡೇ ಹಾಕಬೇಕು."

"ಛಲೋ ಇದ್ದದ್ದು ಒಗಿ ಅಂದ್ರ ಹೆಂಗ?" ಗೂಳಪ್ಪ ಹಟಕ್ಕೆ ಬಿದ್ದ. ಇಸ್ಮಾಯಿಲಸಾಬರು ಬೀಡಿ ಹಚ್ಚಿದರು. ಆಗ ಫಕೀರವ್ವ ಬಾಯಿ ಬಿಟ್ಟಳು.

"ನಮ್ಮ ಕರಿ ಎತ್ತು ಬಿದ್ದಾಗ, ಉಳದ ಮುದಿ ಎತ್ತಿಗೆ ನೀವು ಎಳೇ ಹೋರಿ ಕಟ್ಟಿದ್ರಿ. ನೆನಪೈತೇನು?"

"ಐತಿ."

"ಸಾಲು ಎಲ್ಲಿ ಹೋತು?"

ಗೂಳಪ್ಪ ಕಿವಿಯ ಹಿಂದೆ ಕೆರೆದುಕೊಂಡ. "ಹನಮಂತಪ್ಪನ ಹೊಲದಾಗ ಹೋತು."

"ಹೊಲದಾಗ ಸಾಲು ಸೊಟ್ಟ ಆದ್ರ ಮತ್ತೊಮ್ಮಿ ಹೊಡೀಬಹುದ್ರಿ. ಹಳ್ಳದಾಗ ದುರಗಿ ಬಿದ್ರ ಏನ್ ಮಾಡ್ತೀರಿ?"

ಗೂಳಪ್ಪ ಮುಖ ಆ ಕಡೆ ತಿರುಗಿಸಿ ಟವೆಲ್ಲಿನಿಂದ ಮೂಗು ಒರೆಸಿಕೊಂಡ. ಆಮೇಲೆ, "ಎರಡೂ ಕಡೆ ಹಾಕು ಕಾಕಾ" ಎಂದ.

ಅಷ್ಟಕ್ಕೇ ಮುಗಿಯಲಿಲ್ಲ. ಇಸ್ಮಾಯಿಲಸಾಬರು ಪೆಡಲ್ಲಿನ ಕಡೆ ಬಗ್ಗಿ, "ಎರಡು ಪೆಡಲ್ ಕೂಡಸೂ ಚಿಲಕ ಎಲ್ಲಿ?" ಎಂದರು. ಟ್ರ್ಯಾಕ್ಟರಿಗೆ ಎರಡು ಬ್ರೇಕ್ ಪೆಡಲ್ಲು ಇರುತ್ತವೆ. ಹೊಲದ ತುದಿಯಲ್ಲಿ ತಿರುಗಿಸುವಾಗ ಒಂದನ್ನೇ ಒತ್ತುತ್ತಾರೆ. ರಸ್ತೆಗೆ ಬಂದರೆ ಚಿಲಕ ಹಾಕಿ ಎರಡನ್ನೂ ಕೂಡಿಸಬೇಕು, ಆಗಲೇ ಎರಡೂ ಗಾಲಿ ಒಟ್ಟಿಗೆ ನಿಲ್ಲುವುದು. ಚಿಲಕ ಇಲ್ಲದೆ ಗೂಳಪ್ಪ ರಸ್ತೆಯಲ್ಲೂ ಬಲಗಡೆಯದನ್ನೇ ಒತ್ತೀ ಒತ್ತೀ ಸವೆಸಿದ್ದ.

ಗೂಳಪ್ಪ ಹೆಂಡತಿಯ ಮುಖ ನೋಡಿದ. ಫಕೀರವ್ವ ನಾಲಿಗೆ ಕಚ್ಚಿಕೊಂಡಳು.

"ಅಯ್ಯ ನನ್ನ ಶಿವನ! ಅದು ನಮ್ಮ ಕೋಳಿ ಗೂಡಿನ ಬಾಗಲಕ್ಕ ಐತ್ರಿ! ಸುಮ್ಕ ಅಳ್ಳಾಡತಿತ್ತು, ಬೆಕ್ಕಿನ ಕಾಟ ಬ್ಯಾರೆ, ಅದಕ್ಕ ನಾನ ಬಿಚ್ಚಿ ಹಾಕಿದ್ದೆ."

ಇಸ್ಮಾಯಿಲಸಾಬರು ಕೆಮ್ಮು ಬರುವವರೆಗೆ ನಕ್ಕರು. "ಕೋಳಿ ಜ್ವಾಕಿ ಆತು. ಇನ್ನ ಮಂದೀನೂ ಜ್ವಾಕಿ ಮಾಡೂಣು, ತಂದು ಕೊಡು."

ಮರುದಿನ ಅವರು ಹಳೆಯ ಡಿಸ್ಕನ್ನು ಕೈಚೀಲದಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ಹೋಗಿ, ಅಳತೆ ಕೂಡಿಸಿ ನೋಡಿ, ಎರಡೂ ಕಡೆಗೆ ಹೊಸವು ತಂದರು. ಮೊದಲು ಸೀಲು ಹಾಕಿದರು. ಒಳಗಿನ ಎಣ್ಣೆಯನ್ನು ಪೂರ್ತಿ ಒರೆಸಿದರು. ಡಿಸ್ಕು ತಿಕ್ಕುವ ಕಬ್ಬಿಣದ ಮೈಯಲ್ಲಿ ಆಳವಾದ ಗೀರು, ಬಿರುಕು ಇಲ್ಲವೆಂದು ಬೆಳಕು ಹಿಡಿದು ನೋಡಿದರು. ಹೊಸ ಲೈನಿಂಗನ್ನು ಗ್ರೀಸಿನ ಕೈಯಿಂದ ಮುಟ್ಟಲು ಯಾರನ್ನೂ ಬಿಡಲಿಲ್ಲ. ಎರಡೂ ಪೆಡಲ್ಲು ಒಂದೇ ಅಳತೆಗೆ ಕೆಳಗೆ ಹೋಗುವ ಹಾಗೆ ನಟ್ಟು ತಿರುಗಿಸಿ, ಚಿಲಕ ಹಾಕಿದರು. ಮತ್ತೆ ಬೂದಿ ಗೆರೆ. ಈ ಸಲ ಟ್ರ್ಯಾಕ್ಟರ್ ಗೆರೆಯ ಹತ್ತಿರವೇ ನೆಟ್ಟಗೆ ನಿಂತಿತು.

"ನಾಕೈದು ದಿನ ಖಾಲಿ ಓಡಸು, ಸಾವಕಾಶ ಬ್ರೇಕ್ ಹಾಕು. ಹೊಸಾದು ಹೊಂದಿಕೋಬೇಕು. ಆಮ್ಯಾಲ ಹೇರು" ಎಂದರು. "ಇನ್ನೊಂದು ಮಾತು. ಟ್ರೇಲರಿಗೆ ತನ್ನ ಬ್ರೇಕ್ ಇಲ್ಲ, ಅದರ ಭಾರ ಎಲ್ಲಾ ಟ್ರ್ಯಾಕ್ಟರಿನ ಬೆನ್ನಿಗೆ. ಅದು ಚೀಲ ಹೇರೂದಕ್ಕ ಐತಿ, ಮಂದಿ ಕುಂಡ್ರಸೂದಕ್ಕಲ್ಲ. ದುರಗವ್ವ ಬಸ್ಸಿನ್ಯಾಗ ಬರಲಿ."

ಗೂಳಪ್ಪನ ಮುಖ ಸಣ್ಣದಾಯಿತು. ಫಕೀರವ್ವ ಅವನ ಹತ್ತಿರ ಹೋಗಿ, "ಬೀಗರ ಮನಿಗೆ ಕುಬಸದ ಬುಟ್ಟಿ ಯಾರು ಒಯ್ಯೂದು ಮತ್ತ? ಬಣ್ಣದ ಕಾಗದ ಕಟ್ರಿ. ಮಗಳು ಕಿಡಕ್ಯಾಗಿಂದ ನೋಡ್ತಾಳ" ಎಂದಳು.

ಅಣ್ಣಿಗೇರಿಯಲ್ಲಿ ಕುಬಸ ಚೆಂದ ಆಯಿತು. ಮಧ್ಯಾಹ್ನದ ಊಟ ಮುಗಿದ ಮೇಲೆ ಗೂಳಪ್ಪ ಮುಂದೆ ಹೊರಟ. ಬೀಗರು ಬೀಜದ ಕಡಲೆ ಹದಿನೈದು ಚೀಲ ಹೇರಿ ಕಳಿಸಿದ್ದರು. ನಾವು ಹೆಂಗಸರು ದುರಗವ್ವನನ್ನು ಹೆರಿಗೆಗೆ ಕರೆದುಕೊಂಡು ಆಮೇಲೆ ಬಸ್ಸು ಹತ್ತಿದೆವು. ಜಾಗ ಸಿಕ್ಕಿದ್ದು ಹಿಂದಿನ ಸೀಟಿನಲ್ಲಿ. ದುರಗವ್ವ ನಡುವೆ, ಒಂದು ಕಡೆ ಫಕೀರವ್ವ, ಇನ್ನೊಂದು ಕಡೆ ನಾನು. ಊರಿಗೆ ಇನ್ನೇನು ಎರಡು ಮೈಲಿ ಇರುವಾಗ ನಮ್ಮ ಬಸ್ಸು ಗೂಳಪ್ಪನ ಟ್ರ್ಯಾಕ್ಟರನ್ನು ದಾಟಿ ಮುಂದೆ ಹೋಯಿತು. "ದೊಡ್ಡವ್ವ, ನೋಡ್ರಿ, ಅಪ್ಪ! ಎಷ್ಟು ಬಣ್ಣ ಕಟ್ಯಾನ!" ಎಂದು ದುರಗವ್ವ ನನಗೆ ತೋರಿಸುತ್ತ ಹಿಂದಿನ ಗಾಜಿಗೆ ಕೈ ಬಡಿದಳು, ಹಸಿರು ಬಳೆ ಗಲ್ಲೆಂದವು. ಮಗಳನ್ನು ಕಂಡ ಖುಷಿಯಲ್ಲಿ ಗೂಳಪ್ಪನೂ ನಮ್ಮ ಬೆನ್ನಿಗೇ ಬಂದ.

ಅದೇ ಹಳ್ಳದ ಇಳಿಜಾರು ಬಂತು. ನಮ್ಮ ಬಸ್ಸು ಅರ್ಧ ಇಳಿದಿತ್ತು. ದಾರಿಗೆ ಅಡ್ಡಲಾಗಿ ಕುರಿಹಿಂಡು ನುಗ್ಗಿತು. ಡ್ರೈವರ್ ಗಕ್ಕನೆ ಬಸ್ಸು ನಿಲ್ಲಿಸಿದ.

ಹಿಂದೆ ತಿರುಗಿ ನೋಡಿದೆ. ಇಳಿಜಾರಿನ ಮೇಲಿಂದ ಟ್ರ್ಯಾಕ್ಟರ್ ನೇರವಾಗಿ ನಮ್ಮ ಕಡೆಗೇ ಇಳಿಯುತ್ತಿತ್ತು, ಹಿಂದೆ ಹದಿನೈದು ಚೀಲದ ಭಾರ. ಕಲ್ಲು ಮಡ್‌ಗಾರ್ಡಿನ ಹತ್ತಿರವೇ ಇತ್ತು. ಅದನ್ನು ಹಿಡಿದು ಹಾರುವ ಫಕೀರವ್ವ ಇಲ್ಲಿ ನನ್ನ ಹತ್ತಿರ ಕೂತಿದ್ದಳು. ಅವಳು ಮಗಳ ಬೆನ್ನ ಹಿಂದಿನಿಂದ ಕೈ ಚಾಚಿ ನನ್ನ ರಟ್ಟೆ ಹಿಡಿದುಕೊಂಡಳು. ಅವಳ ಉಗುರು ನನ್ನ ಚರ್ಮದಲ್ಲಿ ಇಳಿದವು.

ಗೂಳಪ್ಪ ಈ ಸಲ ಕೂಗಲಿಲ್ಲ. ಬ್ರೇಕು ಒತ್ತಿದ. ಟ್ರ್ಯಾಕ್ಟರ್ ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ನೆಟ್ಟಗೆ ಬಂದು ನೆಟ್ಟಗೆ ನಿಂತಿತು. ಬಸ್ಸಿಗೂ ಅದಕ್ಕೂ ನಡುವೆ ಒಂದು ಚಕ್ಕಡಿ ನಿಲ್ಲುವಷ್ಟು ಜಾಗ ಉಳಿದಿತ್ತು.

ದುರಗವ್ವನಿಗೆ ಏನೂ ಗೊತ್ತಾಗಲಿಲ್ಲ. ಗಾಜಿನೊಳಗಿಂದ ನಗುತ್ತ ಅಪ್ಪನಿಗೆ ಕೈ ಬೀಸುತ್ತಲೇ ಇದ್ದಳು. ಕುರಿಗಳು ದಾಟಿದವು, ಬಸ್ಸು ಹೊರಟಿತು. ಗೂಳಪ್ಪ ಮಾತ್ರ ಪೆಡಲ್ಲಿನಿಂದ ಕಾಲು ತೆಗೆಯದೆ ಅಲ್ಲೇ ಕೂತಿದ್ದ. ಟವೆಲ್ಲು ಮುಖದ ಮೇಲಿತ್ತು.

ಸಂಜೆ ಅವನು ನನ್ನ ಕಟ್ಟೆಗೆ ಬಂದು ಕೂತ. "ಮಲ್ಲಕ್ಕ, ನಾ ಎಡಗಡೇದು ಹಳೇದ ಇಟ್ಟಿದ್ರ..." ಎಂದ. ನಾನು ಅವನ ಮುಂದೆ ಒಂದು ಚಂಬು ನೀರು ಇಟ್ಟೆ. ಪಕ್ಕದಲ್ಲಿ ಅವರ ಮನೆಯೊಳಗೆ ಫಕೀರವ್ವ ಮಗಳ ತಲೆಗೆ ಎಣ್ಣೆ ಹಚ್ಚುತ್ತ ಬೈಯುತ್ತಿದ್ದಳು, ಆ ಬೈಗುಳ ಕೇಳಿ ಇಬ್ಬರಿಗೂ ಸಮಾಧಾನವಾಯಿತು.

ಈಗ ದುರಗವ್ವನಿಗೆ ಹೆಣ್ಣು ಕೂಸು. ಚಿಲಕ ಟ್ರ್ಯಾಕ್ಟರಿನಲ್ಲಿದೆ, ಕೋಳಿ ಗೂಡಿನ ಬಾಗಿಲಿಗೆ ಫಕೀರವ್ವ ಆ ಕರಿಕಲ್ಲು ಒತ್ತಿಟ್ಟಿದ್ದಾಳೆ. ನನ್ನ ಕಟ್ಟೆಯನ್ನು ಗೂಳಪ್ಪನೇ ಮಣ್ಣು ಕಲಸಿ ಮೆತ್ತಿ ಕೊಟ್ಟ.

ಅಣ್ಣಂದಿರಾ, ತಂಗಿಯರಾ, ನಿಮ್ಮ ಮನೆಯ ಟ್ರ್ಯಾಕ್ಟರ್ ಕಿರುಚುತ್ತಿದೆಯೇ? ಒಂದು ಕಡೆ ಎಳೆಯುತ್ತಿದೆಯೇ? ಮತ್ತೆ ಮತ್ತೆ ನಟ್ಟು ಬಿಗಿದು ದಿನ ನೂಕಬೇಡಿ. ಬಲ್ಲ ಫಿಟ್ಟರನ ಕೈಯಲ್ಲಿ ಬಿಚ್ಚಿಸಿ ನೋಡಿ, ಸುಗ್ಗಿಗೆ ಮೊದಲು ವರ್ಷಕ್ಕೊಮ್ಮೆಯಾದರೂ ನೋಡಿ. ಡಿಸ್ಕು ಸವೆದಿದ್ದರೆ, ಎಣ್ಣೆ ಕುಡಿದಿದ್ದರೆ, ಎರಡೂ ಕಡೆಯವನ್ನು ಒಟ್ಟಿಗೆ ಬದಲಿಸಿ. ರಸ್ತೆಗೆ ಇಳಿಯುವ ಮೊದಲು ಪೆಡಲ್ಲಿನ ಚಿಲಕ ಹಾಕಿ. ಟ್ರೇಲರಿನಲ್ಲಿ ಮಂದಿ ಕೂರಿಸಬೇಡಿ. ನಿಮ್ಮ ಟ್ರ್ಯಾಕ್ಟರಿನಲ್ಲೂ ಗಾಲಿಗೆ ಕೊಡಲು ಒಂದು ಕಲ್ಲು ಇಟ್ಟುಕೊಂಡಿದ್ದರೆ, ನಾಳೆಗೆ ಬಿಡದೆ ಇವತ್ತೇ ಫಿಟ್ಟರನ ಕಡೆ ಹೋಗಿ. ನಿಮ್ಮ ಮುಂದೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರ ಮಗಳು ಕೂತಿರುತ್ತಾಳೋ, ನಮಗೆ ಗೊತ್ತಿರುವುದಿಲ್ಲ.