ಶ್ರಾವಣದ ಗೋಡೆ

ಶಿಡ್ಲಘಟ್ಟದ ಮುದ್ದಪ್ಪನವರ ಹಳೆಯ ಹುಳುಮನೆಯಲ್ಲಿ ಈಗ ರೇಷ್ಮೆಹುಳು ಸಾಕುವುದಿಲ್ಲ, ಚಿತ್ರ ಸಾಕುತ್ತಾರೆ ಎಂದು ಊರವರು ನಗೆಯಾಡುತ್ತಾರೆ. ನಗೆಯಾಡಿದವರೇ ತಿಂಗಳಿಗೊಮ್ಮೆ ಚಪ್ಪಲಿ ಬಿಟ್ಟು ಒಳಗೆ ಬಂದು, ಕೈ ಹಿಂದೆ ಕಟ್ಟಿಕೊಂಡು, ಈ ಸಲ ಗೋಡೆಯ ಮೇಲೆ ಏನಿದೆ ಎಂದು ನೋಡಿಕೊಂಡು ಹೋಗುತ್ತಾರೆ. ಮುದ್ದಪ್ಪನವರ ಸೊಸೆ ಜ್ಯೋತಿಲಕ್ಷ್ಮಿ ಹೈಸ್ಕೂಲಿನ ಡ್ರಾಯಿಂಗ್ ಮೇಡಂ. ಮನೆಯವರು ಹುಳು ಸಾಕುವುದು ಬಿಟ್ಟ ಮೇಲೆ ಆ ಉದ್ದನೆಯ ಕೋಣೆಗೆ ಸುಣ್ಣ ಬಳಿಸಿ, ಮೊಳೆ ಹೊಡೆಸಿ, ಇದು ಎಲ್ಲರ ಚಿತ್ರಮನೆ ಎಂದು ಬಾಗಿಲು ತೆರೆದಿಟ್ಟವರು ಅವರೇ. ಒಂದು ತಿಂಗಳು ಅಲೀಪುರದ ಹುಡುಗನೊಬ್ಬನ ಉರ್ದು ಅಕ್ಷರಗಳು, ಇನ್ನೊಂದು ತಿಂಗಳು ನಂದಿಯ ದ್ರಾಕ್ಷಿ ತೋಟದವರು ತೆಗೆದ ಫೋಟೋಗಳು, ಮತ್ತೊಂದು ತಿಂಗಳು ಚಿಂತಾಮಣಿ ಕಡೆಯ ಹೆಂಗಸರು ಬಟ್ಟೆಯ ಮೇಲೆ ಬಿಡಿಸಿದ ರಂಗೋಲಿಗಳು.

ಅಲ್ಲೊಂದು ಕಟ್ಟಳೆಯಿದೆ. ಅಮಾವಾಸ್ಯೆಗೆ ಇಳಿಸಬೇಕು, ಪಾಡ್ಯಕ್ಕೆ ಏರಿಸಬೇಕು. ಇಳಿಸುವುದು ಹೋಗುವವರ ಕೆಲಸವಲ್ಲ, ಬರುವವರ ಕೆಲಸ. ಮುಂದಿನ ಸರದಿಯವರು ಹಿಂದಿನವರ ಚಿತ್ರಗಳನ್ನು ತಮ್ಮ ಕೈಯಾರೆ ಒಂದೊಂದಾಗಿ ಇಳಿಸಿ, ಒರೆಸಿ, ಅವರ ಕೈಗೆ ಕೊಡಬೇಕು. ಇನ್ನೊಬ್ಬರದರ ಭಾರ ಗೊತ್ತಾಗದೆ ನಿಮ್ಮದನ್ನು ನೇತುಹಾಕಬಾರದು ಎನ್ನುತ್ತಾರೆ ಜ್ಯೋತಿಲಕ್ಷ್ಮಿ. ಫೋಟೋ ತೆಗೆದು ಫೋನಿನಲ್ಲಿ ಹಂಚುವುದಕ್ಕೂ ಅವರು ಬಿಡುವುದಿಲ್ಲ. ನೋಡಬೇಕೆಂದಿರುವವರು ನಡೆದು ಬರಲಿ.

ಈ ಸಲದ ಶ್ರಾವಣದ ಸರದಿ ಯಾಮಿನಿಯದು.

ಯಾಮಿನಿ ಶಿಡ್ಲಘಟ್ಟದ ಪಕ್ಕದ ಹಳ್ಳಿಯವಳು. ಬೆಳಿಗ್ಗೆ ನರ್ಸರಿ ಶಾಲೆಯ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಾಳೆ, ಉಳಿದ ಹೊತ್ತು ಮನೆಯ ಹುಳುಗಳಿಗೆ ಸೊಪ್ಪು ಹಾಕುತ್ತಾಳೆ. ಅಟ್ಟದ ಮೇಲೆ ಹಳೆಯ ಚಂದ್ರಿಕೆಗಳು ಬಿದ್ದಿದ್ದವು. ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿಗಳವು. ಅಂಚಿನಿಂದ ನಡುವಿನವರೆಗೆ ಬಿದಿರಿನ ಪಟ್ಟಿ ಸುರುಳಿ ಸುತ್ತಿಕೊಂಡು ಹೋಗಿರುತ್ತದೆ. ಪ್ಲಾಸ್ಟಿಕ್ಕಿನವು ಬಂದ ಮೇಲೆ ಅವನ್ನು ಯಾರೂ ಮುಟ್ಟಿರಲಿಲ್ಲ. ಯಾಮಿನಿ ಅವನ್ನಿಳಿಸಿ, ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಆ ಸುರುಳಿಯ ಓಣಿಯೊಳಗೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಒಂದು ಕಥೆ ಬರೆದಳು. ಅವಳ ಅಜ್ಜಿ ಕದಿರಮ್ಮ ಅವಳಿಗೆಂದೇ ಹೇಳಿದ ಕಥೆ.

ಅಜ್ಜಿಯ ಹತ್ತಿರ ಕಥೆಗಳಿಗೆ ಬರವಿರಲಿಲ್ಲ. ಮಾತಾಡುವ ಕುಂಬಳಕಾಯಿ, ಚಂದ್ರನಿಗೆ ಸಾಲ ಕೊಟ್ಟ ಅಗಸ, ಎಲ್ಲವೂ ಎಲ್ಲರ ಕಥೆಗಳು. ಇದೊಂದು ಮಾತ್ರ ಬೇರೆ. "ಇದು ನಿನ್ ಕಥೆ ಕಣಮ್ಮ. ನೀನು ಹುಟ್ಟಿದ್ ಮೇಲೆ ಹುಟ್ಟಿದ್ದು. ಯಾರ್ ಹತ್ರಾನೂ ಬಾಯ್ಬಿಡ್ಬೇಡ" ಎಂದು ಕಿವಿಯಲ್ಲಿ ಹೇಳಿದ್ದಳು. ಬಾಯ್ಬಿಡಬೇಡ ಎಂದಿದ್ದಳೇ ಹೊರತು ಬರೆಯಬೇಡ ಎಂದಿರಲಿಲ್ಲ. ಹಿಪ್ಪುನೇರಳೆ ಸೊಪ್ಪನ್ನಲ್ಲದೆ ಇನ್ನೇನನ್ನೂ ತಿನ್ನದ ಒಬ್ಬಳು ಹುಡುಗಿ. ಅವಳಿಗೆ ನಾಲ್ಕು ಸಲ ಜ್ವರ ಬರುತ್ತದೆ. ಹುಳು ಪೊರೆ ಕಳಚಲು ಮಲಗುವುದಕ್ಕೂ ಈ ಕಡೆ ಜ್ವರವೆಂದೇ ಹೆಸರು. ಪ್ರತಿ ಜ್ವರ ಬಿಟ್ಟು ಏಳುವಾಗಲೂ ಏನಾದರೊಂದನ್ನು ಮರೆತಿರುತ್ತಾಳೆ. ಹೆಸರು ಮರೆಯುತ್ತಾಳೆ, ಹುಟ್ಟಿದ ಮನೆಯ ದಾರಿ ಮರೆಯುತ್ತಾಳೆ. ಕೊನೆಗೆ ತನ್ನ ಬಾಯಿಯ ದಾರದಿಂದಲೇ ತನ್ನ ಸುತ್ತ ಮನೆ ಕಟ್ಟಿಕೊಳ್ಳುತ್ತಾಳೆ. ಆಗ ಹೊರಗೆ ಒಬ್ಬ ಮುದುಕಿ ಬಂದು ಕುಳಿತು ಕಥೆ ಹೇಳತೊಡಗುತ್ತಾಳೆ. ಕೇಳುತ್ತ ಕೇಳುತ್ತ ಹುಡುಗಿ, ನನಗೆ ಇಲ್ಲೇ ಚೆನ್ನಾಗಿದೆ ಎಂದು ಒಳಗೇ ಉಳಿದುಬಿಡುತ್ತಾಳೆ. ಅವಳು ಒಳಗಿರುವ ತನಕ ಮುದುಕಿಗೆ ಸಾವಿಲ್ಲ.

ಈ ಕಥೆಯನ್ನು ಯಾಮಿನಿ ಕೇಳಿ ಮರೆತವಳಲ್ಲ, ಕೇಳಿ ಬಾಳಿದವಳು. ಪಿಯುಸಿ ಮುಗಿದಾಗ ಮೈಸೂರಿನ ಚಿತ್ರಕಲಾ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಅಪ್ಪ ಮೋಹನ್‌ಬಾಬು ಹೋಗಮ್ಮ ಎಂದಿದ್ದ. ಹೊರಡುವ ಬೆಳಿಗ್ಗೆ ಬ್ಯಾಗು ಬಾಗಿಲಲ್ಲಿತ್ತು. ಅಜ್ಜಿ ತಲೆ ಬಾಚುತ್ತ ಆ ಕಥೆಯನ್ನು ಇನ್ನೊಮ್ಮೆ ಹೇಳಿದಳು, ಅಷ್ಟೇ. ಜಡೆ ಮುಗಿಯುವ ಹೊತ್ತಿಗೆ ಯಾಮಿನಿಯೇ ಎದ್ದು ಬ್ಯಾಗನ್ನು ಒಳಗಿಟ್ಟಳು. ನನ್ನನ್ನು ಯಾರೂ ತಡೆಯಲಿಲ್ಲ, ನಾನಾಗಿ ಉಳಿದೆ ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದಳು. ಆ ಮಾತಿನಲ್ಲಿ ಅವಳಿಗೊಂದು ಹೆಮ್ಮೆಯಿತ್ತು. ಉಳಿದದ್ದು ವ್ಯರ್ಥವಾಗಲಿಲ್ಲ ಎಂದು ತೋರಿಸಲು ಈಗ ಒಂದು ಗೋಡೆಯೂ ಸಿಕ್ಕಿತ್ತು.

ಆಷಾಢದ ಸರದಿ ಅವಳ ದೊಡ್ಡಪ್ಪನ ಮಗಳು ತನುಜಳದು. ಗೌರಿಬಿದನೂರಿನಲ್ಲಿ ಬೆಳೆದು, ಬೇಸಿಗೆ ರಜೆಗೆ ಮಾತ್ರ ಹಳ್ಳಿಗೆ ಬಂದುಹೋಗುತ್ತಿದ್ದವಳು, ಅದೇ ಮೈಸೂರಿನ ಕಾಲೇಜಿನಲ್ಲಿ ಓದಿ ಅಲ್ಲೇ ಕೆಲಸಕ್ಕಿದ್ದಾಳೆ. ಅಕ್ಕನ ಹಿಂದೆಯೇ ತಂಗಿ ಎಂದು ಜ್ಯೋತಿಲಕ್ಷ್ಮಿ ಖುಷಿಪಟ್ಟಿದ್ದರು. ಆದರೆ ಆ ತಿಂಗಳೆಲ್ಲ ಯಾಮಿನಿಗೆ ಹೋಗಿ ನೋಡಲಾಗಲಿಲ್ಲ. ಮನೆಯಲ್ಲಿ ಹುಳುವಿತ್ತು. ನಾಲ್ಕನೇ ಜ್ವರ ಎದ್ದ ಹುಳು ರಾಕ್ಷಸರ ಹಾಗೆ ತಿನ್ನುತ್ತದೆ. ಆಗ ಮನೆಯವರಿಗೆ ಅನ್ನ ಉಣ್ಣಲೂ ಪುರುಸೊತ್ತಿರುವುದಿಲ್ಲ. ಅಪ್ಪ ಗೂಡನ್ನು ಮಾರ್ಕೆಟ್ಟಿಗೆ ಒಯ್ದ ಮರುದಿನವೇ ಅಮಾವಾಸ್ಯೆ. ಯಾಮಿನಿ ಸ್ನಾನ ಮಾಡಿ ಚಿತ್ರ ಇಳಿಸಲು ಹೊರಟಳು.

ಮೊದಲ ಚಿತ್ರದ ಎದುರೇ ಅವಳ ಕೈ ನಿಂತುಹೋಯಿತು. ಬಟ್ಟೆಯ ಮೇಲೆ ಹಸಿರು ನೀರುಬಣ್ಣ. ಸೊಪ್ಪಿನ ರಾಶಿಯ ನಡುವೆ ಕುಳಿತ ಹುಡುಗಿ. ಎರಡನೆಯದರಲ್ಲಿ ಅವಳು ಮಲಗಿದ್ದಳು, ತಲೆಯ ಪಕ್ಕದಲ್ಲಿ ಅವಳ ಹೆಸರು ಹಕ್ಕಿಯಾಗಿ ಹಾರಿಹೋಗುತ್ತಿತ್ತು. ಯಾಮಿನಿಗೆ ಮುಖಕ್ಕೆ ಬಿಸಿನೀರು ಎರಚಿದ ಹಾಗಾಯಿತು. ಕಿಟಕಿಯ ಬಳಿ ಪೆಟ್ಟಿಗೆ ಹೊಂದಿಸುತ್ತಿದ್ದ ತನುಜಳ ಕಡೆ ತಿರುಗಿ, ಇದನ್ನು ಎಲ್ಲಿಂದ ಕದ್ದೆ ಎಂದು ಕೇಳಿಯೇಬಿಟ್ಟಳು.

ತನುಜಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳ ಮುಖವೂ ಬಾಡಿತು. ತಾರಸಿಯ ಮೇಲೆ ಮಲಗಿದ್ದಾಗ ಅಜ್ಜಿ ಹೇಳಿದ್ದು, ನಿನಗೊಬ್ಬಳಿಗೇ ಎಂದಿದ್ದಳು, ಆದ್ದರಿಂದಲೇ ಯಾಮಿನಿಗೂ ಹೇಳಿರಲಿಲ್ಲ ಎಂದಳು. ಆಮೇಲೆ ನಗು ತಡೆಯಲಾಗದೆ, "ಮುದುಕಿ ಇಬ್ರಿಗೂ ಟೋಪಿ ಹಾಕಿದಾಳೆ ಕಣೇ" ಎಂದಳು.

ಯಾಮಿನಿಗೂ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಗೋಡೆಯ ಕೊನೆಯ ಚಿತ್ರ ಕಣ್ಣಿಗೆ ಬಿತ್ತು. ಬಿಳಿ ಗೂಡಿನ ಮೂಲೆಯಲ್ಲೊಂದು ತೂತು, ಅಂಚು ಒದ್ದೆಯಾಗಿತ್ತು. ಮೇಲೆ ರೆಕ್ಕೆ ಬಿಚ್ಚಿದ ಹುಡುಗಿ, ಹಿಂದಕ್ಕೆ ನೋಡದೆ ಹಾರಿಹೋಗುತ್ತಿದ್ದಳು. ಮುದುಕಿ ಎಲ್ಲೂ ಇರಲಿಲ್ಲ.

"ಕೊನೆ ತಪ್ಪಾಗಿದೆ ಅಕ್ಕ" ಎಂದಳು.

"ಇಲ್ವಲ್ಲ. ತನ್ನ ಎಂಜಲಲ್ಲೇ ಗೋಡೆ ನೆನೆಸಿ, ಕೊರೆದು ಹೊರಟೋಗ್ತಾಳೆ. ನಾನು ಮೈಸೂರಿಗೆ ಸೇರೋ ಮುಂಚೆ ಅಜ್ಜಿ ಗೌರಿಬಿದನೂರಿಗೆ ಬಂದು ಇನ್ನೊಂದ್ ಸಲ ಹೇಳಿ ಕಳ್ಸಿದ್ಲು. ಅದನ್ನ ಕೇಳಿದ್ಮೇಲೇ ನನಗೆ ಧೈರ್ಯ ಬಂದಿದ್ದು."

ಯಾಮಿನಿ ಗೋಡೆಯ ಕಡೆ ತಿರುಗಿದಳು. ಒಂದೊಂದೇ ಚಿತ್ರ ಇಳಿಸಿ, ಒರೆಸಿ, ಅಕ್ಕನ ಕೈಗೆ ಕೊಟ್ಟಳು. ಕೊನೆಯದನ್ನು ಮಾತ್ರ ಮುಟ್ಟಲಿಲ್ಲ. ನಾಳೆ ಇಳಿಸುತ್ತೇನೆ ಎಂದು ಹೇಳಿ ಬಸ್ಸು ಹತ್ತಿದಳು.

ಮನೆಯ ಜಗಲಿಯಲ್ಲಿ ಅಜ್ಜಿ ಖಾಲಿಯಾದ ಪ್ಲಾಸ್ಟಿಕ್ ತಟ್ಟಿಗಳಿಗೆ ಅಂಟಿದ ನೂಲಿನ ಎಳೆ ಕೀಳುತ್ತಿದ್ದಳು. ಯಾಮಿನಿ ಎದುರಿಗೆ ಕುಳಿತು, ತನುಗೂ ಅದೇ ಕಥೆ ಹೇಳಿದ್ದೆಯಾ ಎಂದು ಕೇಳಿದಳು. ಅಜ್ಜಿ ತಡವರಿಸಲಿಲ್ಲ. ಇದು ನಿನ್ನದೇ ಎಂದರೆ ಮಗುವಿನ ಕಣ್ಣು ಅರಳುತ್ತದೆ, ಎಲ್ಲರಿಗೂ ಹಾಗೇ ಹೇಳುವುದು, ಅದಕ್ಕೇನೀಗ ಎಂದಳು.

"ಕೊನೆ ಯಾಕೆ ಬೇರೆ ಮಾಡ್ದೆ?"

"ಹೋಗೋಳಿಗೆ ಹೋಗೋ ಕಥೆ. ಇರೋಳಿಗೆ ಇರೋ ಕಥೆ."

"ನಾನು ಇರೋಳು ಅಂತ ಯಾರಂದ್ರು ಅಜ್ಜಿ? ನನ್ ಬ್ಯಾಗು ಬಾಗಿಲಲ್ಲಿತ್ತು."

ಎಳೆ ಕೀಳುತ್ತಿದ್ದ ಬೆರಳು ನಿಂತಿತು. "ಇತ್ತು. ನೋಡ್ದೆ. ಅದಕ್ಕೇ ಹೇಳಿದ್ದು" ಎಂದಳು ಅಜ್ಜಿ. ತಾನಾಗಿಯೇ ಮುಂದುವರಿಸಿದಳು. "ನಿಮ್ಮಪ್ಪ ತಡೀತಾನೆ ಅನ್ಕಂಡಿದ್ದೆ. ಅವನು ತಡೀಲಿಲ್ಲ. ಬ್ಯಾಡ ಅಂತ ನಾನು ಬಾಯಲ್ಲಿ ಅಂದಿದ್ರೆ ನೀನು ಅತ್ಕಂಡಾದ್ರೂ ಹೋಗ್ತಿದ್ದೆ. ಕಥೆ ಹೇಳಿದ್ರೆ ನೀನೇ ಕೂತ್ಕಂತೀಯ ಅಂತ ನಂಗೊತ್ತಿತ್ತು ಬಂಗಾರು."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅತ್ತಿದ್ದರೆ ಕರಗಬಹುದಿತ್ತು. ಅಜ್ಜಿ ಎರಡನ್ನೂ ಮಾಡಲಿಲ್ಲ, ಮತ್ತೆ ಎಳೆ ಕೀಳತೊಡಗಿದಳು. ಜಡೆ ಹಾಕುತ್ತಿದ್ದಾಗಲೂ ಆ ಬೆರಳುಗಳು ಹೀಗೆಯೇ ಆಡಿದ್ದವು, ನಿಧಾನವಾಗಿ, ಎಲ್ಲಿಗೂ ಅವಸರವಿಲ್ಲದೆ.

ಪಾಡ್ಯದ ಬೆಳಿಗ್ಗೆ ಯಾಮಿನಿ ಜ್ಯೋತಿಲಕ್ಷ್ಮಿಯವರನ್ನು ಕೇಳಿ ಒಂದು ಅಪ್ಪಣೆ ಪಡೆದಳು. ತನುಜಳ ಕೊನೆಯ ಚಿತ್ರ ಇದ್ದಲ್ಲೇ ಇರಲಿ ಎಂದಳು. ಕಟ್ಟಳೆ ಮುರಿದಂತಾಗುತ್ತದಲ್ಲ ಎಂದು ಮೇಡಂ ಹಿಂದೆಮುಂದೆ ನೋಡಿದರು, ಹುಡುಗಿಯ ಮುಖ ನೋಡಿ ಒಪ್ಪಿಕೊಂಡರು. ಚಂದ್ರಿಕೆಗಳೆಲ್ಲ ಗೋಡೆಗೇರಿದವು. ತನ್ನ ಕೊನೆಯದನ್ನು, ಗೂಡಿನೊಳಗಿನ ಹುಡುಗಿ ಮತ್ತು ಬಾಗಿಲ ಮುದುಕಿ ಇರುವುದನ್ನು, ಹಾರುತ್ತಿರುವ ಹುಡುಗಿಗೆ ಒತ್ತಿಕೊಂಡಂತೆ ತೂಗುಹಾಕಿದಳು. ಬಂದವರು ನೋಡಲಿ, ಅಜ್ಜಿಯೂ ನೋಡಲಿ, ಎಲ್ಲರೆದುರು ಅವಳ ತಲೆ ತಗ್ಗಲಿ ಎಂಬ ಆಸೆ ಅವಳಿಗಿತ್ತು. ಅಪ್ಪ ಅಜ್ಜಿಯನ್ನು ಆಟೋದಲ್ಲಿ ಕರೆತಂದ.

ಜನ ನೋಡಿದರು. ನೋಡಿ ಮೆಚ್ಚಿದರು. ಒಂದೇ ಕಥೆಗೆ ಎರಡು ಕೊನೆ, ಎಂಥಾ ಬುದ್ಧಿ ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡರು. ಕಥೆ ಇದೇ ಅಜ್ಜಿಯದು ಎಂದು ತಿಳಿದ ಮೇಲಂತೂ ಕದಿರಮ್ಮನಿಗೆ ಕುರ್ಚಿ ಬಂತು, ಕಾಫಿ ಬಂತು. ಗೂಡಿನ ವ್ಯಾಪಾರದ ಕೋನಪ್ಪ ಮುಂದೆ ಬಂದು, "ಏನಮ್ಮ, ಇದ್ರಾಗೆ ಯಾವ್ದು ದಿಟ?" ಎಂದು ಕೇಳಿದ.

"ಎರಡೂ ದಿಟಾನೇ ಕಣಪ್ಪ. ಕೇಳೋರ್ ಯಾರು ಅಂತ ನೋಡ್ಕಂಡು ಹೇಳ್ಬೇಕು" ಎಂದಳು ಅಜ್ಜಿ. ಕೋಣೆಯೆಲ್ಲ ನಕ್ಕಿತು. ಆಮೇಲೆ ಚಂದ್ರಿಕೆಯ ಹತ್ತಿರ ಹೋಗಿ, ಅಲ್ಲಿನ ಮುದುಕಿಯನ್ನು ಕಣ್ಣು ಕಿರಿದು ಮಾಡಿ ನೋಡಿ, ನನ್ನ ಮೂಗು ಇಷ್ಟು ದಪ್ಪವಾ ಎಂದು ಕೇಳಿದಳು. ಜನ ಮತ್ತೆ ನಕ್ಕರು. ತನುಜಳೂ ನಕ್ಕಳು. ಯಾಮಿನಿಯ ಕಡೆ ಮಾತ್ರ ಅಜ್ಜಿ ತಿರುಗಲಿಲ್ಲ. ಆ ಗೋಡೆಯ ಮೇಲೆ ನೇತಾಡುತ್ತಿದ್ದದ್ದು ಒಂದು ಬ್ಯಾಗು, ಒಂದು ಜಡೆ, ಒಂದು ಬೆಳಿಗ್ಗೆ ಎಂದು ಗೊತ್ತಿದ್ದವರು ಆ ಕೋಣೆಯಲ್ಲಿ ಇಬ್ಬರೇ. ಅವರಲ್ಲೊಬ್ಬಳು ಕಾಫಿ ಕುಡಿಯುತ್ತಿದ್ದಳು.

ಹೊರಡುವಾಗ ಅಜ್ಜಿ ಆಟೋದಲ್ಲಿ ಕುಳಿತು ಸರಿದು ಪಕ್ಕದಲ್ಲಿ ಜಾಗ ಮಾಡಿದಳು. "ಬಾಮ್ಮ, ಮನೆಗೋಗಣ. ದಾರೀಲಿ ಒಂದು ಹೊಸದು ಹೇಳ್ತೀನಿ."

"ಬೇಡಜ್ಜಿ. ಇನ್ಮೇಲೆ ನನಗೆ ಹೇಳ್ಬೇಡ."

ಅಜ್ಜಿಯ ಮುಖದ ನಗು ಆಗ ಇಳಿಯಿತು. "ಅದನ್ ಬಿಟ್ಟು ನಂತಾವ ಇನ್ನೇನೈತೆ ನಿಂಗೆ ಕೊಡೋಕೆ" ಎಂದಳು. ಯಾಮಿನಿ ಆಟೋದಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಅಪ್ಪ ಡ್ರೈವರಿಗೆ ಹೋಗೋಣವೆಂದು ಸನ್ನೆ ಮಾಡಿದ.

ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ನಿಂತೇ ಇದ್ದಳು. ಒಳಗೆ ಜನ ಅವಳ ಹೆಸರು ಹಿಡಿದು ಕರೆಯುತ್ತಿದ್ದರು, ಅವಳ ಸರದಿಯ ಮೊದಲ ದಿನವಲ್ಲವೇ. ಅವಳಿಗೆ ಓಡಿಹೋಗಿ ಯಾರದಾದರೂ ಮಡಿಲಲ್ಲಿ ಮುಖವಿಟ್ಟು, ನನಗೆ ಮೋಸ ಮಾಡಿದರು ಎಂದು ಹೇಳಿಕೊಳ್ಳಬೇಕೆನಿಸಿತು. ಚಿಕ್ಕಂದಿನಿಂದ ಹಾಗೆ ಹೇಳಿಕೊಳ್ಳಲು ಅವಳಿಗಿದ್ದದ್ದು ಒಂದೇ ಮಡಿಲು. ಅದು ಈಗಷ್ಟೇ ಆಟೋದಲ್ಲಿ ಹೋಗಿತ್ತು.